ಕುರ್ಚಿಯ ಬೆನ್ನ ಮೇಲಿನ ಹೆಸರು

ದಿಲಶಾದಬಿ: ಸಹಿ ಮಾಡೂದಿಲ್ಲ ಅಂತ ಎಲ್ಲೆ ಅಂದೇನಿ? ಕುರ್ಚಿ ಬೆನ್ನಿಗೆ ನನ್ನ ಹೆಸರ ಬರಸ್ರಿ, ಆಮ್ಯಾಲ ಸಹಿ ಅಂದೇನಿ.

ಚಮನಸಾಬ: ಮುನ್ನೂರ ಕುರ್ಚಿಗೂ?

ದಿಲಶಾದಬಿ: ಮುನ್ನೂರಕ್ಕೂ.

ಚಮನಸಾಬ ತಲೆ ಮೇಲೆ ಕೈ ಹೊತ್ತು ಕೂತ. ಬೈಲಹೊಂಗಲದಲ್ಲಿ ಇಪ್ಪತ್ತು ವರ್ಷದಿಂದ ಪೆಂಡಾಲು ಹಾಕುವವನು. ಸುತ್ತಿನ ಯಾವ ಮದುವೆಗೆ ಹೋದರೂ ಜನ ಬೆನ್ನು ಒರಗಿಸುವುದು ‘ಚಮನಸಾಬ, ಬೈಲಹೊಂಗಲ’ ಎಂಬ ಬಿಳಿ ಅಕ್ಷರಗಳಿಗೇ. ಈ ಸಲ ಪುಣೆಯಿಂದ ತರಿಸಿದ ಹೊಸ ಕುರ್ಚಿಗಳು ಮಾತ್ರ ಕಿತ್ತೂರು ದಾಟಲಿಲ್ಲ. ದಾರಿಯಲ್ಲಿ ಲಾರಿ ಕೆಟ್ಟು ಮಾಲು ಬೇರೆ ಲಾರಿಗೆ ಹತ್ತಿತು, ಕಾಗದದಲ್ಲಿ ಹಳೇ ಲಾರಿಯ ನಂಬರೇ ಉಳಿಯಿತು, ತೆರಿಗೆಯವರು ಹಿಡಿದಿಟ್ಟರು. ಬಿಡಿಸಿಕೊಳ್ಳಲು ಬ್ಯಾಂಕ್ ಗ್ಯಾರಂಟಿ ಕೇಳಿದರು. ಆ ಷರತ್ತು ಸಡಿಲಿಸಿ ಎಂದು ವಕೀಲ ಮಲ್ಲಿಕಾರ್ಜುನ ಧಾರವಾಡದ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕೋರ್ಟು ಜಾಮೀನು ಕೇಳಬಹುದು, ಹೊಲ ಇದ್ದವರನ್ನೊಬ್ಬರನ್ನು ನೋಡಿಡಿ ಎಂದಿದ್ದರು. ಹೊಲ ಇದ್ದದ್ದು ಹೆಂಡತಿ ದಿಲಶಾದಬಿಗೆ, ಮುನವಳ್ಳಿಯಲ್ಲಿ, ತವರಿನಿಂದ ಬಂದದ್ದು. ಬರುವ ಐತವಾರ ಸವದತ್ತಿಯಲ್ಲಿ ದೊಡ್ಡ ಮದುವೆ. ಅಷ್ಟರೊಳಗೆ ಕುರ್ಚಿ ಬರದಿದ್ದರೆ ಹಳೇ ಗಿರಾಕಿ ಕೈಬಿಟ್ಟು ಹೋಗುತ್ತಿದ್ದ.

ಚಮನಸಾಬ: ಸಾಹೇಬರ ಷರತ್ತ ಭಾಳ ಬಿರಸ ಅಂತ ಕೋರ್ಟಿಗೆ ಹೋದ್ನಿ. ನಿಂದೂ ಬಿರಸ ಅಂತ ಎಲ್ಲೆ ಹೋಗ್ಲಿ?

ದಿಲಶಾದಬಿ: ಇಲ್ಲೇ ಬರ್ರಿ. ವಾದಾ ಮಾಡ್ರಿ, ಕೇಳತೇನಿ.

ಅವನು ವಾದ ಮಾಡಿದ. ಪ್ಯಾಟಿ ಮಂದಿ ನಗುತ್ತಾರೆ ಎಂದ. ಪೆಂಡಾಲಿನ ಪರದೆ ಹೊಲಿಯುವಾಗ, ಗಿರಾಕಿಗಳ ಫೋನು ಎತ್ತುವಾಗ ಯಾರೂ ನಗಲಿಲ್ಲವಲ್ಲ ಎಂದು ಅವಳು ಕೇಳಿದಳು. ಅವನು ಐವತ್ತು ಕುರ್ಚಿಗೆ ಇಳಿದ. ಅವಳು ಜಗ್ಗಲಿಲ್ಲ.

ಚಮನಸಾಬ: ಹಂಗಾರ ಮುನ್ನೂರಕ್ಕೂ ಬರಸ್ತೇನಿ. ಬೆನ್ನಿಗೆ ಬ್ಯಾಡ, ಬುಡಕ್ಕ ಬರಸ್ತೇನಿ.

ದಿಲಶಾದಬಿ: ಬುಡಕ್ಕ ಬರದ್ರ ಯಾರ ಓದ್ತಾರ?

ಚಮನಸಾಬ: ಕುರ್ಚಿ ಮುರದ ಕೆಳಗ ಬಿದ್ದಾಂವ ಓದ್ತಾನ.

ಕೊನೆಗೆ ರಾಜಿಯಾಯಿತು. ಬೆನ್ನ ಮೇಲೆ ಅವನ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅವಳದು. ದಿಲಶಾದಬಿ ಜಾಮೀನಿನ ಕಾಗದಕ್ಕೆ ಸಹಿ ಮಾಡಲು ಪೆನ್ನು ಹಿಡಿದಳು. ಅಷ್ಟರಲ್ಲಿ ವಕೀಲರ ಫೋನು ಬಂತು. ಅವಳೂ ಕೇಳಲೆಂದು ಅವನು ಸ್ಪೀಕರ್ ಹಾಕಿದ.

ಮಲ್ಲಿಕಾರ್ಜುನ: ಷರತ್ತ ಸಡಿಲ ಆತ್ರಿ. ಬ್ಯಾಂಕ್ ಗ್ಯಾರಂಟಿ ಬ್ಯಾಡ, ಜಾಮೀನೂ ಬ್ಯಾಡ. ಮಾಲೀಕರು ತಮ್ಮ ಸ್ವಂತ ಬಾಂಡ್ ಬರಕೊಟ್ರ ಸಾಕು.

ಚಮನಸಾಬನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ಹೆಂಡತಿಯ ಕೈಯಿಂದ ಪೆನ್ನು ಕಸಿದು ಜೇಬಿಗೆ ಸಿಕ್ಕಿಸಿದ.

ಚಮನಸಾಬ: ಕೇಳಿದೇನ? ನಿನ್ನ ಸಹಿನೂ ಬ್ಯಾಡ, ಹೆಸರೂ ಬ್ಯಾಡ. ವಕೀಲ್ರ, ಈಗ ಬಸ್ ಹತ್ತತೇನಿ.

ಮಲ್ಲಿಕಾರ್ಜುನ: ನೀವ್ಯಾಕ? ಅಕ್ಕಾರನ್ನ ಕರಕೊಂಡ ಬರ್ರಿ.

ಚಮನಸಾಬ: ಯಾವ ಅಕ್ಕಾರು?

ಮಲ್ಲಿಕಾರ್ಜುನ: ದಿಲಶಾದಬಿ ಅವರು. ಜಿಎಸ್‌ಟಿ ನಂಬರ ಅವರದು, ಬಿಲ್ ಅವರದು, ಅರ್ಜಿನೂ ಅವರದ. ಕುರ್ಚಿ ಮಾಲೀಕರು ಅವರ ಅಲ್ಲೇನ್ರಿ?

ಹೆಣ್ಣುಮಕ್ಕಳಿಗೆ ಸಾಲ ಬೇಗ ಸಿಗುತ್ತದೆಂದು ನಾಲ್ಕು ವರ್ಷದ ಹಿಂದೆ ದಂಧೆಯನ್ನು ಅವಳ ಹೆಸರಿಗೆ ಮಾಡಿಸಿದವನು ಚಮನಸಾಬನೇ. ಆಮೇಲೆ ರೊಟ್ಟಿ ಬಡಿಯುವ ಕೈಯಿಂದಲೇ ಎಷ್ಟೋ ಕಾಗದಕ್ಕೆ ಸಹಿ ಹಾಕಿಸಿದ್ದ. ಅವಳು ಅವನ್ನು ಓದಿರಲಿಲ್ಲ, ಅವನು ಮರೆತೇಬಿಟ್ಟಿದ್ದ. ದಿಲಶಾದಬಿ ಕೈ ಚಾಚಿದಳು. ಅವನು ಪೆನ್ನು ಕೊಟ್ಟ.

ಚಮನಸಾಬ: ಮಾತ ಆಗೇತೆಲ್ಲ. ನನ್ನ ಹೆಸರ ಮ್ಯಾಲ, ನಿಂದ ಕೆಳಗ.

ದಿಲಶಾದಬಿ: ಅದು ನಿಮ್ಮ ಕುರ್ಚಿ ಅಂತ ತಿಳದ ಆಡಿದ ಮಾತು. ಈಗ ನಿಮ್ಮ ಹೆಸರ ಬೇಕಂದ್ರ ಅರ್ಜಿ ಹಾಕ್ರಿ. ಷರತ್ತ ಏನೇನ ಅಂತ ಧಾರವಾಡದಿಂದ ಬಂದ ಹೇಳತೇನಿ.