ಬರೀ ಮೀನು ಅನ್ನಬೇಡಿ

ಜಡಿಗೇನಹಳ್ಳಿಯ ನಮ್ಮ ಸೋದರಮಾವನ ಎದುರು ‘ಮೀನು’ ಎಂದು ಬಾಯಿಬಿಟ್ಟು ಬೈಸಿಕೊಳ್ಳದೆ ಎದ್ದುಬಂದವರನ್ನು ನಾನು ಈ ತನಕ ಕಂಡಿಲ್ಲ. ಅವನ ಪ್ರಕಾರ ಮೀನು ಎನ್ನುವುದು ಹೆಸರೇ ಅಲ್ಲ, ಸೋಮಾರಿತನ!

ಹೊಸಕೋಟೆಯ ಹೋಟೆಲಿನಲ್ಲಿ ಒಮ್ಮೆ ಸಪ್ಲೈಯರ್, “ಫಿಶ್ ಇದೆ ಸಾರ್” ಅಂದ.

“ಯಾವ ಮೀನಪ್ಪಾ?”

“ಫಿಶ್ಶೇ ಸಾರ್.”

“ಲೇ, ಮಟನ್ ಅಂಗಡೀಗ್ ಹೋಗಿ ಒಂದ್ ಕೆಜಿ ಪ್ರಾಣಿ ಕೊಡಿ ಅಂತೀಯೇನ್ಲಾ?”

ಅಂದು ನಾವು ಮೊಟ್ಟೆ ತಿಂದು ಬಂದೆವು.

ಮಗಳ ಮದುವೆಗೆ ಪುರೋಹಿತರು ಮೀನ ಲಗ್ನವೆಂದರು. “ಯಾವ್ ಮೀನು ಸ್ವಾಮಿ? ಕಾಟ್ಲಾನೋ, ಗೌರಿಯೋ?” ಎಂದು ಮಾವ ಪಟ್ಟು ಹಿಡಿದ. ಆ ಬಡಪಾಯಿ ಮುಹೂರ್ತವನ್ನೇ ಮೇಷಕ್ಕೆ ಸರಿಸಿಬಿಟ್ಟರು!

ನನ್ನನ್ನೂ ಬಿಟ್ಟವನಲ್ಲ. ಕೆರೆಯೊಂದರಲ್ಲಿ ಮೀನುಗಳು ಸತ್ತವೆಂದು ನಾನು ಬರೆದ ವರದಿ ಅಚ್ಚಾದ ದಿನ ಬೆಳಗಾಗುತ್ತಲೇ ಫೋನು. “ಬಸ್ಸು ಮಗುಚಿದ್ರೆ ‘ಮನುಷ್ಯರು ಸತ್ತರು’ ಅಂತ ಬರ್ದು ಕೈ ತೊಳ್ಕೊತೀಯಾ? ಹೆಸ್ರು ಕೇಳಲ್ವಾ? ನಾಚ್ಕೆ ಆಗ್ಬೇಕು ಕಣೋ!” ಹದಿನೈದು ವರ್ಷ ಸುದ್ದಿಮನೆಯಲ್ಲಿದ್ದೇನೆ. ಯಾವ ಸಂಪಾದಕರೂ ಅಷ್ಟು ನ್ಯಾಯವಾಗಿ ನನ್ನನ್ನು ಬೈದಿಲ್ಲ.

ಇಂಥವನ ಹೆಂಡತಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಅತ್ತೆಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ಮೀನು. ನೀರಿಗೂ ಮೀನು, ಕಂಬಳಿಗೂ ಮೀನು, ಫ್ಯಾನಿಗೂ ಮೀನು!

ಮಾತು ಮರಳಲಿ ಎಂದು ಮಗಳು ಲೋಟ ಹಿಡಿದು ನಿಲ್ಲುತ್ತಿದ್ದಳು. “ನೀರು ಅನ್ನಮ್ಮ, ಆಮೇಲೆ ಕೊಡ್ತೀನಿ.” ಮಾವ ಲೋಟ ಕಿತ್ತುಕೊಂಡ. “ಬಾಯಾರಿದೋಳಿಗೆ ಪರೀಕ್ಷೆ ಇಡ್ತೀಯಾ? ಅವ್ಳು ಹೇಳಿದ್ದು ನೆಟ್ಟಗೇ ಐತೆ. ನಿನ್ ಕಿವಿ ತೊಳ್ಕೋ!”

ಅವನಿಗೆ ಮಾತ್ರ ಎಲ್ಲ ಅರ್ಥವಾಗುತ್ತಿತ್ತು. ಎಳೆದು ಅಂದರೆ ಸೆಖೆ. ಎರಡು ಸಲ ಅಂದರೆ ಧಾರಾವಾಹಿ ಹಾಕು. ಕಿಟಕಿ ಕಡೆ ನೋಡಿ ಅಂದರೆ ಹಸುವಿಗೆ ಹುಲ್ಲಿಲ್ಲ. ಕಿರುಚಿದರೆ, “ನನ್ನೇ ಬೈತಾವ್ಳೆ, ನೀನು ಕಾಫಿ ಕುಡಿ.” ಕಸುಬಿನ ಚಾಳಿ ನೋಡಿ, ನಾನೊಂದು ಮಧ್ಯಾಹ್ನ ಕೂತು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಅವನು ಒಂದರಲ್ಲೂ ತಪ್ಪಲಿಲ್ಲ. ನಾವು ಯಾರಾದರೂ ತಪ್ಪು ಊಹಿಸಿದರೆ ಮಾತ್ರ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ.

ಹೋದ ಭಾನುವಾರ ಅತ್ತೆ ತಟ್ಟನೆ, ಸ್ಪಷ್ಟವಾಗಿ, “ನೀರು” ಅಂದಳು.

ಮಗಳು ಅಳುತ್ತ ಅಡುಗೆಮನೆಗೆ ಓಡಿದಳು. ನಾನು ಓಡಿದೆ. ಪಕ್ಕದ ಮನೆಯವರೂ ಚೊಂಬು ಹಿಡಿದು ಬಂದರು. ಏಳಲು ಹೊರಟ ಮಾವ ಮಾತ್ರ ಬಾಗಿಲ ಬಳಿಯ ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟ.

“ಇನ್ನು ಅವ್ಳ ಮಾತು ಎಲ್ರಿಗೂ ಗೊತ್ತಾಗ್ತದೆ ಬಿಡು,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ನನಗೆ ದಿಗಿಲಾಯಿತು.

ಅತ್ತೆ ನೀರು ಕುಡಿದು, ಬಾಯಿ ಒರೆಸಿಕೊಂಡು, ಬಾಗಿಲ ಕಡೆ ನೋಡಿದಳು. ಮೆಲ್ಲಗೆ, “ಮೀನು” ಅಂದಳು.

ಮಗಳು ಫ್ಯಾನ್ ಹಾಕಿದಳು. ನಾನು ಕಂಬಳಿ ಎತ್ತಿಕೊಂಡೆ. ಅಷ್ಟರಲ್ಲಿ ಮಾವ ಎದ್ದು, ಯಾರನ್ನೂ ಬೈಯದೆ, ಕುರ್ಚಿಯನ್ನು ಅವಳ ಮಂಚದ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ.