ಸೀಟು ಮುಟ್ಟಬೇಡಿ

ಠಸ್ಸೆ ಸಾಹೇಬರ ಆ ದಿನದ ಫಜೀತಿಗೆಲ್ಲ ಕಾರಣ ಒಂದು ಸಣ್ಣ ಪುಸ್ತಕ. ಅಂಗೈಯಗಲದ, ಎಣ್ಣೆ ಬೆರಳಿನ ಗುರುತು ಬಿದ್ದ, ಕಾರಿನ ಸರ್ವಿಸ್ ಪುಸ್ತಕ. ಅದರ ಕೊನೆಯ ಪುಟದಲ್ಲಿ ಹೆಂಡತಿಯ ಗುಂಡು ಅಕ್ಷರದಲ್ಲಿ ‘ಮುಂದಿನ ಸರ್ವಿಸ್’ ಎಂದು ಬರೆದು ತಾರೀಕು ಹಾಕಿತ್ತು. ತಾರೀಕು ಇವತ್ತಿನದು. ಬರೆದಾಕೆ ಹೋಗಿ ಆರು ತಿಂಗಳಿಗೆ ಮೂರು ದಿನ ಕಡಿಮೆಯಾಗಿತ್ತು.

ಸಾಹೇಬರಿಗೆ ಈ ಅಡ್ಡಹೆಸರು ಕಚೇರಿಯಲ್ಲಿ ಬಿದ್ದದ್ದು. ಬಂದ ಕಾಗದಗಳ ಮೇಲಿನ ಠಸ್ಸೆ ಅಸಲಿಯೋ ನಕಲಿಯೋ ಎಂದು ನೋಡುವುದೇ ಅವರ ಕೆಲಸ. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಮೂವತ್ತು ವರ್ಷದಲ್ಲಿ ಒಂದೇ ಒಂದು ಖೋಟಾ ಠಸ್ಸೆಯೂ ಅವರ ಕಣ್ಣು ತಪ್ಪಿಸಿ ಹೋಗಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಹೆಚ್ಚಾಗಿ ಅವರೇ ಹೇಳುತ್ತಿದ್ದರು. ಅವರ ನೌಕರಿಗಿದ್ದ ಕಪ್ಪುಚುಕ್ಕೆ ಒಂದೇ. ಹಿಡಿ ಮುರಿದು ಒಂದು ಮೂಲೆ ಕಿತ್ತುಹೋದ ರಬ್ಬರ್ ಠಸ್ಸೆಯೊಂದನ್ನು ಅಂಟಿಸಿ ತರುತ್ತೇನೆಂದು ಮನೆಗೆ ಒಯ್ದು ಕಳೆದುಹಾಕಿದ್ದರು. ಅದಕ್ಕೆ ಮೆಮೋ ಸಿಕ್ಕಿತ್ತು. ಹತ್ತು ವರ್ಷದ ಹಿಂದಿನ ಮಾತು, ಈಗ ನೆನೆದರೂ ಮುಖ ಕೆಂಪಾಗುತ್ತಿತ್ತು.

ಕಾರು ಹೆಂಡತಿಯದು, ಓಡಿಸುತ್ತಿದ್ದದ್ದೂ ಆಕೆಯೇ. ಸಾಹೇಬರು ಪಕ್ಕದಲ್ಲಿ ಕೂತು, ರಸ್ತೆಯ ಮೇಲೆ ನೆಟ್ಟ ಕಣ್ಣು ಕೀಳದೆ, “ನಿಧಾನ, ನಿಧಾನ, ಸೈಕಲ್ಲು ಬಂತು” ಎನ್ನುತ್ತ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಅವರ ಕಡೆಯ ಮ್ಯಾಟು ತುಳಿದು ತುಳಿದು ತೂತು ಬಿದ್ದಿತ್ತು. ವರ್ಷಕ್ಕೆ ಎರಡು ಸಲ ಆಕೆ ಕಾರನ್ನು ಕಂಪನಿ ಸರ್ವಿಸ್‌ಗೆ ಒಯ್ಯುತ್ತಿದ್ದಳು. ವರ್ಷಕ್ಕೆ ಎರಡು ಸಲ ಜಗಳ.

“ಗೋದಾಮಿನ ಹಿಂದೆ ಗಿಡ್ಡಣ್ಣನ ಶೆಡ್ಡಿದೆ. ಒಂದು ಗಂಟೇಲಿ ಮಾಡ್ಕೊಡ್ತಾನೆ. ಕಂಪನಿಯೋರು ಎಸಿ ರೂಮಲ್ಲಿ ಕೂರಿಸಿ ತಲೆ ಬೋಳಿಸ್ತಾರೆ, ಅಷ್ಟೇ.”

“ಬೋಳಿಸ್ಲಿ ಬಿಡಿ. ಅಲ್ಲಿ ಇಡೀ ದಿನ ಹಿಡಿಯುತ್ತೆ. ನಿಮ್ಮ ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ. ಸಂಜೆ ಬರ್ತೀನಿ.”

ಸಂಜೆ ಸಾಹೇಬರು ಪುಸ್ತಕ ತರಿಸಿ, ಠಸ್ಸೆ ಬಿದ್ದಿದೆಯೇ ಎಂದು ನೋಡಿ, “ಹೂಂ, ದಂಡ ತೆತ್ತಿದ್ದಕ್ಕೆ ರಸೀದಿ” ಎಂದು ಕೊಂಕು ನುಡಿಯದೆ ಊಟಕ್ಕೆ ಏಳುತ್ತಿರಲಿಲ್ಲ. ಅಟ್ಟದ ಮೇಲಿನ ಡಬ್ಬವನ್ನು ಸ್ಟೂಲಿಲ್ಲದೆ ಇಳಿಸುತ್ತಿದ್ದ ಅಂಥ ಗಟ್ಟಿಮುಟ್ಟಾದ ಹೆಂಗಸು ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟೂ ಪುರಸೊತ್ತು ಕೊಡಲಿಲ್ಲ. ಅಂದಿನಿಂದ ಆಡಿದ ಕೊಂಕುಗಳೆಲ್ಲ ಸಾಹೇಬರ ಗಂಟಲಲ್ಲೇ ಸಿಕ್ಕಿಕೊಂಡಿದ್ದವು.

ಆಕೆ ಹೋದಮೇಲೆ ಅವರು ಕಾರಿನೊಳಗೆ ಏನನ್ನೂ ಕದಲಿಸಿರಲಿಲ್ಲ. ಮುಖ್ಯವಾಗಿ ಸೀಟು. ಅದು ಕೊನೆಯ ಸಲ ಕಾರು ಮನೆಗೆ ಬಂದಾಗ ಎಲ್ಲಿತ್ತೋ ಅಲ್ಲೇ ಇತ್ತು, ಸ್ಟೀರಿಂಗಿಗೆ ಅಂಟಿಕೊಂಡಂತೆ. ಬ್ಯಾಟರಿ ಸಾಯದಿರಲೆಂದು ಭಾನುವಾರಕ್ಕೊಮ್ಮೆ ಬೀದಿ ಸುತ್ತುವಾಗ ಸಾಹೇಬರ ಮೊಣಕಾಲು ಎದೆಗೆ ಬರುತ್ತಿದ್ದವು. ತಿರುವು ಬಂತೆಂದರೆ ಸ್ಟೀರಿಂಗ್ ಮಂಡಿಚಿಪ್ಪಿಗೆ ಬಡಿಯುತ್ತಿತ್ತು. ಎರಡೂ ಮಂಡಿ ನೀಲಿಗಟ್ಟಿದ್ದವು. ಪಾಪ, ಇಷ್ಟು ಇಕ್ಕಟ್ಟಿನಲ್ಲಿ ಕೂತು ನನ್ನನ್ನು ಊರೆಲ್ಲ ಸುತ್ತಿಸಿದಳಲ್ಲ ಎಂದು ಪ್ರತಿ ಭಾನುವಾರ ಮಂಡಿಗೆ ಮುಲಾಮು ಹಚ್ಚುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಎಷ್ಟು ನೋವಾದರೂ ಸೀಟು ಹಿಂದಕ್ಕೆ ತಳ್ಳಲು ಮಾತ್ರ ಕೈ ಬಂದಿರಲಿಲ್ಲ.

ಇವತ್ತು ಅವರು ರಜೆ ಹಾಕಿದ್ದರು. ಒಂದು ಸಲವಾದರೂ, ಗೊಣಗದೆ, ಆಕೆಗೆ ಇಷ್ಟವಿದ್ದ ಹಾಗೆ ಕಂಪನಿಯಲ್ಲೇ ಸರ್ವಿಸ್ ಮಾಡಿಸಬೇಕು. ಸೀಟು ಹೋದ ಹಾಗೇ ವಾಪಸು ಬರಬೇಕು. ಇಷ್ಟೇ ಅವರ ಹಟ.

ಗೇಟು ಕಿರ್ರೆಂದಿತೋ ಇಲ್ಲವೋ, ಮೇಲ್ಮನೆಯ ಗಣಿತದ ಮೇಷ್ಟ್ರು ಬಾಲ್ಕನಿಯಿಂದ ಬಗ್ಗಿದರು.

“ಎಲ್ಲಿಗೆ ಸವಾರಿ? ಕಂಪನಿಗಾ? ನಿಮ್ಮ ತಲೆ ನೆಟ್ಟಗಿದೆಯಾ? ಗಿಡ್ಡಣ್ಣನ ಹತ್ರ ಹೋಗ್ರೀ. ಕಾಫಿ ಕುಡಿದು ಲೋಟ ಇಡೋದ್ರೊಳಗೆ ಮುಗಿಸ್ತಾನೆ!”

ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟರು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಓಡಿ ಬಂದರು. “ಕೇಳ್ಬೇಡಿ ಸಾಹೇಬ್ರೆ! ಕಂಪನಿ ಠಸ್ಸೆ ಇದ್ರೇನೇ ಕಾರಿಗೆ ಬೆಲೆ. ಠಸ್ಸೆ ಬೆಲೆ ನಿಮಗಿಂತ ಯಾರಿಗೆ ಗೊತ್ತು?”

“ನಿಮ್ಮ ಕಾರು ಕಂಪನಿಯಿಂದ ಬಂದ ಮೂರನೇ ದಿನ ನಡುಬೀದೀಲಿ ತಳ್ಳಿದ್ದು ಯಾರು? ನಾನು! ಇನ್ನೂ ಸೊಂಟ ಹಿಡ್ಕೊಂಡಿದೆ!”

“ಅದು ಪೆಟ್ರೋಲ್ ಖಾಲಿಯಾಗಿತ್ತು ಸ್ವಾಮಿ!”

ಇಬ್ಬರೂ ಸಾಹೇಬರನ್ನು ಮರೆತು ಒಬ್ಬರಿಗೊಬ್ಬರು ಕೈ ಬೀಸತೊಡಗಿದರು. ಸಾಹೇಬರು ಮಂಡಿ ಮಡಿಸಿಕೊಂಡು ಮೆಲ್ಲನೆ ಜಾರಿಕೊಂಡರು.

ಕಂಪನಿಯ ಸರ್ವಿಸ್ ಸೆಂಟರಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಸಾಹೇಬರು ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು. ಕೈಯಲ್ಲಿ ಟ್ಯಾಬು ಹಿಡಿದ ಹುಡುಗಿಯೊಬ್ಬಳು ನಗುತ್ತ ಬಂದಳು.

“ಇಂಜಿನ್ ಒಳಗಿಂದ ಕ್ಲೀನ್ ಮಾಡಿಸ್ಲಾ ಸರ್?”

“ಮಾಡಿಸಮ್ಮ.”

“ಎಸಿಗೆ ಸುವಾಸನೆ?”

“ಹಾಕಿಸಮ್ಮ.”

ಜನ್ಮದಲ್ಲಿ ಯಾವ ಅಂಗಡಿಯಲ್ಲೂ ಚೌಕಾಸಿ ಮಾಡದೆ ಕೊಳ್ಳದ ಮನುಷ್ಯ ಕೇಳಿದ್ದಕ್ಕೆಲ್ಲ ಹೂಂಗುಟ್ಟಿದರು. ಒಂದೊಂದು ಹೂಂಗೂ ಹಳೆಯ ಒಂದೊಂದು ಕೊಂಕು ಗಂಟಲಿನಿಂದ ಇಳಿದಂತೆ ಅವರಿಗೆ ಅನ್ನಿಸುತ್ತಿತ್ತು.

“ಈ ಕಡೆ ಮ್ಯಾಟು ತೂತಾಗಿದೆ ಸರ್. ಏನಾಯ್ತು?”

“ಬ್ರೇಕು ತುಳಿದು ತುಳಿದು.”

“ಈ ಕಡೆ ಬ್ರೇಕೇ ಇರಲ್ವಲ್ಲ ಸರ್?”

“ಇಲ್ಲ ಅಂತ ನನಗೂ ಗೊತ್ತು ತಾಯಿ. ಮ್ಯಾಟು ಹಾಗೇ ಇರ್ಲಿ. ಆದ್ರೆ ಒಂದು ಮಾತು. ಈ ಸೀಟು ಒಂದು ಕೂದಲೆಳೆ ಅಲ್ಲಾಡಬಾರ್ದು.”

ಬಾಯಿಮಾತನ್ನು ನಂಬುವ ಜಾತಿಯಲ್ಲ ಅವರು. ‘ಈ ಸೀಟನ್ನು ಯಾರೂ ಸರಿಸತಕ್ಕದ್ದಲ್ಲ’ ಎಂದು ಬರೆದು, ಸಹಿ ಮಾಡಿ, ತಾರೀಕು ಹಾಕಿ, ಚೀಟಿಯನ್ನು ಸೀಟಿನ ಬೆನ್ನಿಗೆ ಪಿನ್ನು ಚುಚ್ಚಿ ಬಂದರು.

ಆಮೇಲೆ ಕಾಯುವ ಕೋಣೆ. ಕರಿ ಸೋಫಾ, ಬಿಸಿನೀರನ್ನೇ ಕಾಫಿ ಎಂದು ಕೊಡುವ ಮೆಷಿನ್ನು, ಒಂದೇ ಜಾಹೀರಾತನ್ನು ಬಿಟ್ಟು ಬಿಟ್ಟು ತೋರಿಸುವ ಟೀವಿ. ಕಿಟಕಿಯ ಪಕ್ಕದ ಮೂಲೆ ಆಕೆಗೆ ಇಷ್ಟವಾಗಿದ್ದಿರಬೇಕೆಂದು ಊಹಿಸಿ ಅಲ್ಲೇ ಕೂತರು. ಎರಡು ಗಂಟೆಯಲ್ಲಿ ಬೆನ್ನು ಮರಗಟ್ಟಿತು, ನಾಲ್ಕು ಗಂಟೆಯಲ್ಲಿ ಜಾಹೀರಾತು ಬಾಯಿಪಾಠವಾಯಿತು. ಇಡೀ ದಿನ ಇಲ್ಲಿ ಒಬ್ಬಳೇ ಹೇಗೆ ಕೂರುತ್ತಿದ್ದಳೋ, ಒಂದು ದಿನವಾದರೂ ಜೊತೆಗೆ ಬಂದೆನೇ ಎಂದು ಸಂಕಟವಾಯಿತು. ಸೋಫಾದ ಖಾಲಿ ಅರ್ಧವನ್ನು ಅಂಗೈಯಿಂದ ಒಮ್ಮೆ ಸವರಿದರು.

ಸಂಜೆ ಹುಡುಗಿ ಬಿಲ್ಲು ತಂದಳು. ಸಾಹೇಬರು ಕಣ್ಣು ಮುಚ್ಚಿ ತೆತ್ತು, ಪುಸ್ತಕ ಮುಂದಿಟ್ಟು, “ಠಸ್ಸೆ ಹಾಕಮ್ಮ” ಎಂದರು. ಆಕೆ ಪುಟ ತಿರುವಿದಳು. ಹಿಂದಕ್ಕೆ ತಿರುವಿದಳು. ಕಂಪ್ಯೂಟರ್ ನೋಡಿದಳು.

“ಸರ್, ಮೊದಲ ಮೂರು ಸೀಲು ನಮ್ಮದು, ಫ್ರೀ ಸರ್ವಿಸಿಂದು. ಆಮೇಲಿನ ಇಪ್ಪತ್ತೂ ನಮ್ಮದಲ್ಲ. ಈ ಕಾರು ಹತ್ತು ವರ್ಷದಿಂದ ಇಲ್ಲಿಗೆ ಬಂದೇ ಇಲ್ಲ.”

“ಏನಮ್ಮ ಹೇಳ್ತಿದೀಯ? ಪ್ರತಿ ಸಲ ನಾನೇ ನೋಡಿದೀನಿ!”

ನೋಡಿದ್ದರು ನಿಜ. ಠಸ್ಸೆ ಬಿದ್ದಿದೆಯೇ ಎಂದು ನೋಡಿದ್ದರೇ ಹೊರತು ಯಾವ ಠಸ್ಸೆ ಎಂದು ನೋಡಿರಲಿಲ್ಲ. ಹೆಂಡತಿಗೆ ಕೊಂಕು ನುಡಿಯಲು ಭೂತಗನ್ನಡಿ ಬೇಕಿರಲಿಲ್ಲವಲ್ಲ. ಈಗ ತೆಗೆದು ಹಿಡಿದರು. ತಲೆಕೆಳಗಾಗಿ, ಅರ್ಧ ಮಾತ್ರ, ಮಾಸಿದ ಶಾಯಿಯಲ್ಲಿ ಒತ್ತಿತ್ತು. ಪುಸ್ತಕ ತಿರುಗಿಸಿದರು. ‘ಪರಿಶೀಲಿಸಲಾಗಿದೆ.’ ಎಡಮೂಲೆಯಲ್ಲಿ ಇಲಿ ಕಚ್ಚಿದಂತೆ ಒಂದು ಚೂರು ಕಿತ್ತುಹೋಗಿತ್ತು. ಆ ಮೂಲೆಯನ್ನು ಅವರು ಕನಸಿನಲ್ಲೂ ಗುರುತು ಹಿಡಿಯಬಲ್ಲವರಾಗಿದ್ದರು.

“ಕಂಪ್ಲೇಂಟ್ ಕೊಡ್ತೀರಾ ಸರ್? ಯಾರೋ ಖೋಟಾ ಸೀಲು ಹಾಕಿ ನಿಮಗೆ ಮೋಸ ಮಾಡಿದಾರೆ.”

“ಖೋಟಾ ಅಲ್ಲಮ್ಮ, ಅಸಲಿ,” ಸಾಹೇಬರ ದನಿ ಎಲ್ಲಿಂದಲೋ ಬಂತು. “ನಂದೇ ಅದು.”

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಸಮಾಧಾನಕ್ಕೆಂಬಂತೆ, “ಆದ್ರೂ ಸರ್, ಯಾರೋ ಬಹಳ ಮುತುವರ್ಜಿಯಿಂದ ನೋಡ್ಕೊಂಡಿದಾರೆ. ನಮ್ಮೋರಿಗೆ ಮಾಡೋಕೆ ಹೆಚ್ಚು ಕೆಲಸವೇ ಇರ್ಲಿಲ್ಲ” ಎಂದಳು.

“ಮತ್ತೆ ಇಷ್ಟುದ್ದ ಬಿಲ್ಲು?”

“ಅದು ಪ್ಯಾಕೇಜ್ ಸರ್.”

ತೆಗೆದ ಹಳೆಯ ಏರ್ ಫಿಲ್ಟರನ್ನು ಕವರಿನಲ್ಲಿ ಹಾಕಿ ಕೊಟ್ಟಳು. ಅದರ ಅಂಚಿನಲ್ಲಿ ಆರು ತಿಂಗಳ ಹಿಂದಿನ ತಾರೀಕಿತ್ತು. ಅಡುಗೆಮನೆಯ ಡಬ್ಬಗಳ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರ.

ಅಷ್ಟರಲ್ಲಿ ಕಾರು ಬಂತು. ಅದರಿಂದ ತೆಂಗಿನ ಮರದಷ್ಟು ಎತ್ತರದ ಡ್ರೈವರೊಬ್ಬ ಇಳಿದ. ಸೀಟು ಹಿಂದಿನ ಸೀಟಿಗೆ ಮುಟ್ಟುವಷ್ಟು ಹಿಂದೆ ಹೋಗಿತ್ತು. ಚೀಟಿ ಡ್ಯಾಶ್‌ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಮಡಚಿಕೊಂಡು ಕೂತಿತ್ತು.

“ಚೀಟಿ ಸುಕ್ಕಾಗ್ಬಾರ್ದು ಅಂತ ತೆಗೆದಿಟ್ಟೆ ಸರ್,” ಅಂದ ಡ್ರೈವರು, ವಿನಯದಿಂದ.

ಸಾಹೇಬರು ಬೈಯಲು ಬಾಯಿ ತೆರೆದರು. ಬೈಗುಳದ ಬದಲು ಅಳು ಬಂತು. ಆ ಹೊಳೆಯುವ ನೆಲದ ಮೇಲೆ, ನಾಲ್ಕು ಜನರ ಮುಂದೆ, ಮಗುವಿನ ಹಾಗೆ ಅತ್ತುಬಿಟ್ಟರು.

ಅಲ್ಲಿಂದ ನೆಟ್ಟಗೆ ಗೋದಾಮಿನ ಹಿಂದಿನ ಶೆಡ್ಡಿಗೆ. ಪೆಡಲಿಗೆ ಕಾಲು ಎಟುಕದೆ ಸೀಟಿನ ತುದಿಯಲ್ಲಿ ತೂಗಾಡುತ್ತ ಹೇಗೆ ಹೋದರೋ ಅವರಿಗೇ ಗೊತ್ತಿಲ್ಲ. ಮರದ ಪೆಟ್ಟಿಗೆಯ ಮೇಲೆ ನಿಂತು ಒಂದು ಇಂಜಿನ್ನಿನೊಳಗೆ ಬಗ್ಗಿದ್ದ ಗಿಡ್ಡಣ್ಣ, ಕಾರು ನೋಡಿದವನೇ ಪೆಟ್ಟಿಗೆಯಿಂದ ಇಳಿದು ತಲೆ ತಗ್ಗಿಸಿ ನಿಂತ.

“ನನ್ನ ಹೆಂಡತಿ ಇಲ್ಲಿಗೆ ಬರ್ತಿದ್ಲಾ?”

“ಬರ್ತಿದ್ರು ಸರ್. ಅಕ್ಕ ಹತ್ತು ವರ್ಷದಿಂದ ಇಲ್ಲಿಗೇ ಬರ್ತಿದ್ರು.”

“ನಾನೂ ಇಲ್ಲಿಗೇ ಹೋಗು ಅಂತ ಬಡ್ಕೊಳ್ತಿದ್ದೆನಲ್ಲಯ್ಯ! ಮತ್ತೆ ಯಾಕೆ ಮುಚ್ಚಿಟ್ಲು?”

ಗಿಡ್ಡಣ್ಣ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. “ಗಿಡ್ಡಣ್ಣ ಅಂದ್ರೆ ಒಂದು ಗಂಟೆ ಕಳೀತಿದ್ದ ಹಾಗೇ ನಿಮ್ಮ ಫೋನ್ ಬರುತ್ತೆ, ಕಂಪನಿ ಅಂದ್ರೆ ಸಂಜೆವರೆಗೂ ಯಾರೂ ಕೇಳಲ್ಲ ಅಂತಿದ್ರು ಸರ್. ಸರ್ವಿಸ್ ನಾನೆಲ್ಲಿ ಮಾಡ್ತಿದ್ದೆ? ಅವರೇ ಸೆರಗು ಸಿಕ್ಕಿಸ್ಕೊಂಡು ಕಾರಿನಡಿ ಮಲಗೋರು. ನಾನು ಹೇಳ್ಕೊಡ್ತಿದ್ದೆ, ಅಷ್ಟೇ. ಕಂಪನಿಗೆ ಅಂತ ನೀವು ಕೊಟ್ಟಿದ್ರಲ್ಲಿ ಈ ಸ್ಪ್ಯಾನರ್ ಸೆಟ್ಟು ತಗೊಂಡ್ರು. ಈ ಜಾಕು ಅವರದ್ದೇ. ಕೆಲಸ ಮುಗಿದ್ಮೇಲೆ ಈ ಸ್ಟೂಲ್ ಮೇಲೆ ಕೂತು ಹಾಡು ಹೇಳ್ಕೊಳ್ಳೋರು.”

“ಹಾಡಾ? ಅವಳಿಗೆ ಹಾಡು ಬರ್ತಿತ್ತಾ?”

“ಚೆನ್ನಾಗಿ ಹೇಳೋರು ಸರ್.”

ಸಾಹೇಬರು ಆ ಸ್ಟೂಲಿನ ಮೇಲೆ ಕೂತರು. ಸಿಟ್ಟು ಮಾಡಿಕೊಳ್ಳಬೇಕೆಂದು ಬಂದಿದ್ದರು, ಯಾರ ಮೇಲೆ ಎಂದು ತಿಳಿಯಲಿಲ್ಲ. ತನ್ನ ಮನೆಯಲ್ಲಿ ಹಾಡಲು ಜಾಗವಿಲ್ಲದ ಹೆಂಗಸು ವರ್ಷಕ್ಕೆ ಎರಡು ದಿನ ಗಂಡನದೇ ಠಸ್ಸೆಯಿಂದ ರಜೆ ಮಂಜೂರು ಮಾಡಿಕೊಂಡಿದ್ದಳು. ಕೊನೆಗೆ ಮೂಗು ಒರೆಸಿಕೊಂಡು ಎದ್ದರು.

“ಹೋಗ್ಲಿ ಬಿಡಯ್ಯ. ಒಂದು ಉಪಕಾರ ಮಾಡು. ಆ ಕಂಪನಿಯ ಪಾಪಿ ಅವಳ ಸೀಟು ಕೆಡಿಸ್ಬಿಟ್ಟ. ಮೊದಲು ಹೇಗಿತ್ತೋ ಹಾಗೆ ಮಾಡ್ಕೊಡು. ಬಹಳ ಮುಂದಿತ್ತು, ನನ್ನ ಮಂಡಿ ತಾಗ್ತಿತ್ತು.”

ಗಿಡ್ಡಣ್ಣ ಕಾರಿನೊಳಗೆ ಹತ್ತಿ ಕೂತ. ಅಡಿಯ ಸರಳೆತ್ತಿ ಸರಕ್ಕನೆ ಸೀಟನ್ನು ಮುಂದಕ್ಕೆಳೆದ. “ಇಷ್ಟಾ ಸರ್?”

ಸಾಹೇಬರ ಮುಖ ಅರಳಿತು. “ಅದೇ! ಅದೇ ಕಣಯ್ಯ! ಒಂದೇ ಸಲಕ್ಕೆ ಹೇಗೆ ಗೊತ್ತಾಯ್ತು ನಿಂಗೆ?”

ಗಿಡ್ಡಣ್ಣ ಸ್ಟೀರಿಂಗ್ ಹಿಡಿದುಕೊಂಡು ತನ್ನ ಕಾಲ ಕಡೆ ನೋಡಿದ. ಅವನ ಕಾಲು ಪೆಡಲಿಗೆ ಸರಿಯಾಗಿ ಎಟುಕಿತ್ತು. “ಅಯ್ಯೋ ಸರ್, ಇದು ಅಕ್ಕಂದಲ್ಲ. ಇದು ನಂದು.”

“ಏನು?”

“ಅಕ್ಕ ನನಗಿಂತ ಎಷ್ಟು ಎತ್ತರ, ಅವರಿಗೆ ಇಲ್ಲಿ ಕೂರೋಕಾಗುತ್ತಾ? ಕೊನೇ ಸಲ ಬಂದಾಗ ಬಾನೆಟ್ ಎತ್ತೋದ್ರೊಳಗೆ ಬೆವೆತು ಕೂತ್ಬಿಟ್ರು. ಕೆಲಸ ನಾನೇ ಮಾಡ್ದೆ. ಕೂತಲ್ಲೇ ಫಿಲ್ಟರ್ ಮೇಲೆ ತಾರೀಕು ಬರೆದ್ರು. ಆಸ್ಪತ್ರೆಗೆ ಹೋಗೋಣ ಅಂದೆ. ಬೇಡಪ್ಪ, ಅವರಿಗೆ ಗೊತ್ತಾದ್ರೆ ಸರ್ವಿಸ್ ದಿನ ನಿಂತ್ಹೋಗುತ್ತೆ ಅಂದ್ರು. ನಾನೇ ಸೀಟು ಎಳ್ಕೊಂಡು ಓಡಿಸ್ಕೊಂಡು ಬಂದು ಮನೇಲಿ ನಿಲ್ಲಿಸ್ದೆ. ನೀವು ಆಫೀಸಲ್ಲಿದ್ರಿ. ಮೂರನೇ ದಿನ ಸುದ್ದಿ ಬಂತು.” ಅವನು ಸ್ಟೀರಿಂಗಿಗೆ ಹತ್ತಿದ್ದ ಎಣ್ಣೆಯನ್ನು ತೋಳಿನಿಂದ ಒರೆಸಿದ. “ಆರು ತಿಂಗಳಿಂದ ನಿಮ್ಮ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ ಸರ್.”

ಸಾಹೇಬರು ತಮ್ಮ ಮಂಡಿಗಳನ್ನು ನೋಡಿಕೊಂಡರು. ಆರು ತಿಂಗಳ ಮುಲಾಮು, ಆರು ತಿಂಗಳ ಕಣ್ಣೀರು, ಎಲ್ಲ ಗಿಡ್ಡಣ್ಣನ ಕಾಲಳತೆಗೆ ಸಂದಿತ್ತು.

“ಹಾಗಾದ್ರೆ ಅವಳದ್ದು ಎಲ್ಲಿತ್ತು?”

“ಗಾಬರೀಲಿ ಎಳ್ದೆ ಸರ್, ಸೀಟಿನ ಕಂಬೀಲಿ ಎಷ್ಟು ಹಲ್ಲು ದಾಟ್ತು ಅಂತ ಎಣಿಸ್ಲಿಲ್ಲ. ನೀವು ಪಕ್ಕದಲ್ಲೇ ಕೂರ್ತಿದ್ರಲ್ಲ, ನೀವೇ ನೋಡಿ ಹೇಳಿ.”

ಸಾಹೇಬರು ತಮ್ಮ ಜಾಗದಲ್ಲಿ, ತೂತು ಮ್ಯಾಟಿನ ಮೇಲೆ ಕಾಲಿಟ್ಟು ಕೂತರು. ಗಿಡ್ಡಣ್ಣ ಸೀಟನ್ನು ಒಂದೊಂದೇ ಹಲ್ಲು ಹಿಂದಕ್ಕೆ ಸರಿಸಿದ. “ಇದಾ ಸರ್? ಇನ್ನೊಂದಾ? ಇದಾ?” ಸಾಹೇಬರು ಕಣ್ಣು ಕಿರಿದು ಮಾಡಿ ಆಕೆಯ ಭುಜ ಎಲ್ಲಿರುತ್ತಿತ್ತು, ಕಿವಿಯ ಓಲೆ ಎಲ್ಲಿ ಹೊಳೆಯುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದರು. ನೆನಪಿಗೆ ಬಂದದ್ದು ರಸ್ತೆ, ಸೈಕಲ್ಲು, ಮುಂದಿನ ಲಾರಿಯ ನಂಬರು. ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ಅವರು ರಸ್ತೆಯನ್ನೇ ನೋಡಿದ್ದರು.

“ಗೊತ್ತಾಗ್ತಿಲ್ಲ ಕಣಯ್ಯ,” ಎಂದರು ಮೂವತ್ತು ವರ್ಷದ ಪರಿಶೀಲಕರು. ಗಿಡ್ಡಣ್ಣ ಕೊನೆಗೆ ಸಾಹೇಬರ ಕಾಲಿಗೆ ಹೊಂದುವ ಹಾಗೆ ಸೀಟು ನಿಲ್ಲಿಸಿ ಕಳಿಸಿಕೊಟ್ಟ.

ಹೊತ್ತು ಮುಳುಗುವಾಗ ಮನೆ ಮುಟ್ಟಿದರು. ಮೇಷ್ಟ್ರೂ ಏಜೆಂಟರೂ ಗೇಟಿನ ಹತ್ತಿರವೇ ಕಾದಿದ್ದರು.

“ಹೇಗಾಯ್ತು ಕಂಪನಿ ಸರ್ವಿಸ್ಸು? ಕೊಟ್ಟ ಕಾಸಿಗೆ ಮೋಸ ಇಲ್ಲ ತಾನೇ?” ಎಂದು ಏಜೆಂಟರು ಕಿಟಕಿಗೆ ಬಗ್ಗಿದರು.

“ಚೆನ್ನಾಗಾಯ್ತು,” ಎಂದರು ಸಾಹೇಬರು. “ಈಗ ಮಂಡಿ ತಾಗಲ್ಲ.” ಅಷ್ಟು ಹೇಳಿ ಸ್ಟೀರಿಂಗಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅಳತೊಡಗಿದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಪಾಪ, ಬಿಲ್ಲು ಬಹಳ ಆಗಿರಬೇಕು ಎಂದರು ಮೇಷ್ಟ್ರು. ಹೌದು, ಆಗಿರಬೇಕು ಎಂದರು ಏಜೆಂಟರು. ಆ ಬೀದಿಗೆ ಬಂದಮೇಲೆ ಅವರಿಬ್ಬರು ಒಪ್ಪಿಕೊಂಡ ಮಾತು ಅದೊಂದೇ.