ಬಸ್ಸಿಗೂ ನನಗೂ ನಡುವೆ ಒಂದು ಗೇಣು

ಪುನರ್ಜನ್ಮ ಇದೆಯೋ ಇಲ್ಲವೋ ಎಂದು ನಮ್ಮ ಮಾವನವರು ಸಿಂದಗಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ವಾದ ಮಾಡುತ್ತಿದ್ದರು. ಅವರು ಎಲ್ಲಿಗೇ ಆಗಲಿ ನಡೆದೇ ಹೋಗುವವರು; ಹಾಗಾಗಿ ಅವರಿಗೆ ಆ ವಿಷಯದಲ್ಲಿ ಸಂಶಯ ಉಳಿದಿತ್ತು. ನನಗೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಸವನ ಬಾಗೇವಾಡಿಯಲ್ಲಿ ಸರ್ವೇಯರ್ ಆಗಿದ್ದೆ. ಸರ್ಕಾರ ನನಗೆ ಹೊಲ ಅಳೆಯಲು ಒಂದು ಸರಪಳಿ ಕೊಟ್ಟಿತ್ತು, ಮಾವನವರು ಮದುವೆಯಲ್ಲಿ ಒಂದು ಸೈಕಲ್ ಕೊಟ್ಟಿದ್ದರು. ಈ ಸೈಕಲ್ಲಿನ ದಯೆಯಿಂದ ದಿನಕ್ಕೆ ಎರಡು ಸಲ ಸತ್ತು ಎರಡು ಸಲ ಹುಟ್ಟುತ್ತಿದ್ದೆ. ಮುಂಜಾನೆ ಬಸ್ಸು ನನ್ನನ್ನು ಸವರಿಕೊಂಡು ಹಾಯುವಾಗ ಒಮ್ಮೆ, ಸಂಜೆ ಅದೇ ಬಸ್ಸು ತಿರುಗಿ ಬರುವಾಗ ಇನ್ನೊಮ್ಮೆ. ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ನನ್ನ ಹೆಂಡತಿ ಸುಮಿತ್ರಾ, "ಇವತ್ತೇನು ವಿಶೇಷ?" ಎಂದು ಕೇಳುತ್ತಿದ್ದಳು. "ಬಂದೀನಲ್ಲ, ಅದೇ ವಿಶೇಷ," ಎನ್ನುತ್ತಿದ್ದೆ. ಆಕೆ ಅದನ್ನು ಚೇಷ್ಟೆ ಎಂದುಕೊಂಡು ನಗುತ್ತಿದ್ದಳು.

ರಸ್ತೆ ಎಂದಾಗ ಈಗಿನ ರಸ್ತೆಯನ್ನು ನೆನೆಸಿಕೊಳ್ಳಬೇಡಿ. ಆ ವರ್ಷ ನನ್ನ ಪಾಲಿಗೆ ಬಂದದ್ದು ಮುಳವಾಡದ ಕಡೆಗೆ ಹೋಗುವ ದಾರಿಯ ಹೊಲಗಳ ಅಳತೆ. ನಡುವೆ ಒಂದು ಡಾಂಬರಿನ ಪಟ್ಟಿ, ದರ್ಜಿ ಅಳತೆ ತೆಗೆದುಕೊಂಡು ಬಸ್ಸಿಗೆಂದೇ ಹೊಲಿದಂತೆ. ಅದರ ಎರಡೂ ಅಂಚು ಮಳೆಗೆ ಕೊಚ್ಚಿ ಹೋಗಿ ಗೇಣುದ್ದ ಕೆಳಗೆ ಎರೆಮಣ್ಣು, ಎರೆಮಣ್ಣಿನಾಚೆ ಜಾಲಿಕಂಟಿ. ಬೇಸಿಗೆಯಲ್ಲಿ ಕೆಳಗಿಳಿದರೆ ಟೈರಿಗೆ ಮುಳ್ಳು. ಮಳೆಗಾಲದಲ್ಲಿ ಇಳಿದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೂರಣದಂತೆ ತುಂಬಿಕೊಂಡು, ನಮ್ಮನ್ನು ಹೊರಬೇಕಾದ ಸೈಕಲ್ಲನ್ನು ನಾವೇ ಹೊರಬೇಕು. ಇಳಿಯಲೋ ಬೇಡವೋ ಎಂದು ಯೋಚಿಸುವುದರೊಳಗೆ ಬಸ್ಸು ಬಂದು ಹೋಗಿಯೂ ಬಿಟ್ಟಿರುತ್ತಿತ್ತು. ಮುದ್ದೇಬಿಹಾಳದಲ್ಲಿದ್ದ ನಮ್ಮ ಅಣ್ಣ, "ಅಷ್ಟು ಹೆದರಿಕಿ ಇದ್ದರ ಬಸ್ಸಿನ್ಯಾಗ ಹೋಗು," ಎಂದು ಪತ್ರ ಬರೆದ. ಬಸ್ಸೇನೋ ಊರಿನಿಂದ ಊರಿಗೆ ಹೋಗುತ್ತಿತ್ತು. ನನಗೆ ಬೇಕಾದದ್ದು ಊರುಗಳ ನಡುವಿನ ಹೊಲ. ಅಣ್ಣ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ. ಅವನಿಗೆ ಇದು ತಿಳಿಯಲಿಲ್ಲ.

ಇದಕ್ಕೆ ಮೊದಲು ನಾನು ಇಂಡಿಯಲ್ಲಿದ್ದೆ. ಅಲ್ಲಿ ಝಳಕಿಯ ದೊಡ್ಡ ರಸ್ತೆಯ ಲಾರಿಗಳೂ ಹೀಗೆಯೇ ಹಾಯುತ್ತಿದ್ದವು. ಆದರೆ ಅವುಗಳ ಡ್ರೈವರರು ಪರಸ್ಥಳದವರು. ನಾನು ಯಾರು, ಯಾವ ಮನೆತನ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ. ಇಲ್ಲಿಯ ಬಸ್ಸಿನ ಡ್ರೈವರ್ ಸಂಗಪ್ಪನಿಗೆ ನನ್ನ ಹೆಸರು, ಊರು, ಮಕ್ಕಳೆಷ್ಟು ಎಂಬುದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹಾಯುತ್ತಿದ್ದ. ಹಾಯುವಾಗ ಕಿಟಕಿಯಿಂದ, "ಆರಾಮ್ರೀ ಸಾಹೇಬ್ರ?" ಎಂದು ಕೇಳುವ ಸೌಜನ್ಯವೂ ಅವನಿಗಿತ್ತು. ಉತ್ತರ ಕೊಡಲು ನಾನು ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡು ಬಾಯೊಳಗಿನ ಧೂಳು ಉಗುಳುವಷ್ಟರಲ್ಲಿ ಅವನು ಮುಂದಿನ ಊರಿನಲ್ಲಿರುತ್ತಿದ್ದ.

ಒಂದು ದಿನ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕ. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಸಂಗಪ್ಪಾ, ಇವತ್ತ ನಿನ್ನ ಬಸ್ಸಿಗೂ ನನ್ನ ಮೊಣಕೈಗೂ ನಡುವ ಒಂದ ಗೇಣು ಇತ್ತು ನೋಡು."

"ಒಂದ ಗೇಣು ಇತ್ತೇನ್ರಿ?" ಅವನು ಕಪ್ಪು ಕೆಳಗಿಟ್ಟ. ಮುಖದಲ್ಲಿ ನಿಜವಾದ ಆಶ್ಚರ್ಯ. "ಹಂಗಾದ್ರ ಭಾಳ ಬಿಟ್ಟೀನ್ರಿ. ನೀವು ಹೊಲಾ ಅಳ್ಯಾವ್ರು, ಅಂಗಲಕ್ಕ ಬಡದಾಡ್ತೀರಿ. ನಮ್ಮ ಲೆಕ್ಕ ಹಂಗಲ್ರಿ. ತಾಗಲಿಲ್ಲ ಅಂದ್ರ ಜಾಗಾ ಇತ್ತು ಅಂತ ಅರ್ಥ."

"ಸೈಕಲ್ ಕಂಡಾಗ ಒಂಚೂರು ನಿಧಾನ ಮಾಡಬಾರದೇನು?"

"ನಿಧಾನ ಮಾಡಿದ್ರ ನಿಮಗ ಭಾಳ ಹೊತ್ತು ಹೆದರಿಕಿ ಆಗ್ತೈತ್ರಿ. ಜೋರ್ ಹಾದ್ರ ಲಗೂ ಮುಗೀತೈತಿ."

ನನ್ನ ಒಳ್ಳೆಯದಕ್ಕಾಗಿಯೇ ಅವನು ಇಷ್ಟೆಲ್ಲ ಮಾಡುತ್ತಿದ್ದಾನೆಂದು ತಿಳಿದ ಮೇಲೆ ಮಾತು ಮುಂದುವರಿಸುವುದು ಹೇಗೆ? ಅವನ ಚಹಾದ ದುಡ್ಡನ್ನೂ ನಾನೇ ಕೊಟ್ಟು ಬಂದೆ.

ಇಲ್ಲಿಯವರೆಗಿನದು ನಗುವ ಮಾತು. ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಮುಂಜಾನೆ ನಡೆದದ್ದು ಹಾಗಿರಲಿಲ್ಲ. ನನ್ನ ಮುಂದೆ ನೂರು ಮಾರು ದೂರದಲ್ಲಿ ಹಾಲಿನ ಭೀಮಪ್ಪ ಹೋಗುತ್ತಿದ್ದ. ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಗಟ್ಟಿ ಆಳು ಅವನು. ಹಿಂದಿನಿಂದ ಹತ್ತಿ ಹೇರಿದ ಲಾರಿ ಬಂತು. ಎರಡೂ ಬದಿಗೆ ಹೊಟ್ಟೆ ಉಬ್ಬಿತ್ತು. ನಾನು ಅಂಜಿ ಮೊದಲೇ ಜಾಲಿಯೊಳಗೆ ಇಳಿದಿದ್ದೆ. ಭೀಮಪ್ಪ ಇಳಿಯಲಿಲ್ಲ, ತುಂಬಿದ ಕ್ಯಾನು ಕಟ್ಟಿಕೊಂಡು ಗೇಣುದ್ದ ಹಾರುವುದಾದರೂ ಹೇಗೆ? ಲಾರಿಯ ಹಗ್ಗವೋ ಹಲಗೆಯೋ ಕ್ಯಾನಿಗೆ ತಾಗಿತು. ಸೈಕಲ್ ಒಮ್ಮೆ ಗಿರ್ರನೆ ತಿರುಗಿತು. ನಾನು ಓಡಿ ಹೋಗುವಷ್ಟರಲ್ಲಿ ಕರಿಯ ಮಣ್ಣಿನ ಮೇಲೆ ಹಾಲು ಹರಿಯುತ್ತಿತ್ತು, ಲಾರಿ ಕಾಣದಾಗಿತ್ತು. ಭೀಮಪ್ಪ ಮಲಗಿದಲ್ಲಿಂದಲೇ ಕೇಳಿದ ಮೊದಲ ಮಾತು, "ಇನ್ನೊಂದು ಕ್ಯಾನು ಉಳದೈತೇನ್ರಿ?" ಉಳಿದಿರಲಿಲ್ಲ. ಅವನ ಹೆಗಲ ಎಲುಬು ಮುರಿದಿತ್ತು. ಹಿಂದೆ ಬಂದ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಾಗೇವಾಡಿಗೆ ಬಂದೆವು. ಎರಡು ತಿಂಗಳು ಅವನು ಕೈ ಜೋಳಿಗೆಗೆ ಹಾಕಿಕೊಂಡು ಕೂತ. ಅವನ ಹೆಂಡತಿ ಹಾಲನ್ನು ತಲೆಯ ಮೇಲೆ ಹೊತ್ತು ನಡೆದು ಬಂದಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದ ಸರ್ಕಾರಿ ನೌಕರ ಮಾಡುವುದನ್ನೇ ಮಾಡಿದೆ: ಅರ್ಜಿ ಬರೆದೆ. ಅದನ್ನು ಒಯ್ದು ಒಬ್ಬ ಅಧಿಕಾರಿಗೆ ಕೊಟ್ಟೆ. ಯಾವ ಊರು, ಯಾವ ಕಚೇರಿ ಎಂದು ಹೇಳುವುದಿಲ್ಲ. ನಾನೂ ಪೆನ್ಶನ್ ತಿನ್ನುವವನು. ಅವರು ಅರ್ಜಿಯನ್ನು ಎರಡು ಸಲ ಓದಿದರು.

"ನಿಮಗ ತಾಗಿತೇನು?"

"ಇಲ್ರಿ, ಭೀಮಪ್ಪಗ."

"ಹಂಗಾದ್ರ ಅಂವಾ ಬಂದು ಸಹಿ ಮಾಡ್ಲಿ."

"ಅಂವಗ ಕೈ ಎತ್ತಾಕ ಬರೂದಿಲ್ರಿ."

"ಕೈ ನೆಟ್ಟಗಾದ ಮ್ಯಾಲೆ ಬರಲಿ. ನಿಮ್ಮದೇನು?"

"ದಿನಾ ಒಂದ ಗೇಣಿನ್ಯಾಗ ಹಾಯ್ತಾವ್ರಿ ಮೋಟಾರು. ಅದಕ್ಕ ಏನರ ಬಂದೋಬಸ್ತು..."

"ತಾಗಿಲ್ಲಲ್ಲ? ತಾಗಿದ ದಿವಸ ಬರ್ರಿ."

"ತಾಗಿದ ದಿವಸ ನಾ ಬರೂ ಸ್ಥಿತಿಯೊಳಗ ಇರಬೇಕಲ್ರಿ?"

ಅವರು ಅರ್ಜಿ ಮಡಚಿ ನನ್ನ ಕೈಗೆ ಕೊಟ್ಟರು. ದಯಾವಂತರು. "ಮನ್ಯಾಗಿನವ್ರನ್ನ ಕಳಿಸ್ರಿ," ಎಂದರು.

ಮನೆಯವಳಿಗೆ ಇದನ್ನು ಹೇಳಿದೆ. ಸುಮಿತ್ರಾ ಭಕ್ಕರಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಈ ಸಲ ನಗಲಿಲ್ಲ. "ನಾ ಹೋಗಂಗಿಲ್ಲ," ಎಂದಳು. ಭಕ್ಕರಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಮೂಲೆಯತ್ತ ನೋಡಿದಳು. ಅಲ್ಲಿ ನನ್ನ ಕಚೇರಿಯ ಕೋಲು ಇತ್ತು. ಹೊಲದ ನೇರ ನೋಡಲು ನೆಡುವ, ಕೆಂಪು ಬಿಳಿ ಪಟ್ಟಿ ಬಳಿದ ಕೋಲು. "ಅದನ್ನ ನೀವು ಬಾಗಲದಾಗ ಅಡ್ಡ ಇಟ್ಟಾಗೆಲ್ಲ ನಾ ಎಷ್ಟು ದೂರ ಸರದು ಹೋಗ್ತೀನಿ ನೋಡೀರಿ? ಸೈಕಲ್ಲಿಗೂ ಅಡ್ಡ ಕಟ್ರಿ. ಅವರೂ ಸರೀತಾರ."

ಕಟ್ಟಿದೆ. ಕ್ಯಾರಿಯರಿನ ಮೇಲೆ ಅಡ್ಡಲಾಗಿ, ಬಲಗಡೆಗೆ ಮೂರು ಅಡಿ ಚಾಚುವಂತೆ, ತುದಿಗೆ ಆಕೆಯ ಹಳೆಯ ಕುಪ್ಪಸದ ಕೆಂಪು ತುಂಡು. ಮರುದಿನ ಹಿಂದೆ ಬಸ್ಸಿನ ಸದ್ದು ಕೇಳಿದಾಗ ಕಣ್ಣು ಮುಚ್ಚಿಕೊಂಡೆ. ಹಾರ್ನು ಆಯಿತು. ಬಸ್ಸು ನಿಧಾನವಾಯಿತು! ಬಲಗಾಲಿ ಮಣ್ಣಿಗಿಳಿಸಿ, ಒಂದು ಮಾರು ದೂರದಿಂದ, ಸೊಸೆ ಮಾವನ ಮುಂದೆ ಹಾಯುವಂತೆ ಹಾಯ್ದು ಹೋಯಿತು. ಸಂಜೆ ಸಂಗಪ್ಪ ಚಹಾದಂಗಡಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದ.

"ಇದೇನ್ರಿ ಸಾಹೇಬ್ರ ಕೋಲು? ಬಸ್ಸಿಗೆ ಮೊನ್ನೆ ಹೊಸಾ ಬಣ್ಣಾ ಹಚ್ಚ್ಯಾರ. ಗೀರು ಬಿದ್ರ ನನಗ ಮೆಮೋ ಕೊಡ್ತಾರ್ರಿ!"

"ನಾ ಬಿದ್ರ?"

ಸಂಗಪ್ಪ ಪ್ರಾಮಾಣಿಕ ಮನುಷ್ಯ. ಇದ್ದದ್ದನ್ನೇ ಹೇಳಿದ. "ನೀವು ಬಿದ್ರ ಇಚಾರಣಿ ಮಾಡ್ತಾರ್ರಿ. ಅದು ವರ್ಷಾನಗಟ್ಲೆ ನಡೀತೈತಿ. ಮೆಮೋ ಹಂಗಲ್ರಿ, ಅವತ್ತ ಬರ್ತೈತಿ."

ತಿಂಗಳೊಪ್ಪತ್ತಿನಲ್ಲಿ ಆ ರಸ್ತೆಯ ಸೈಕಲ್ಲುಗಳಿಗೆಲ್ಲ ಕೋಲು ಬಂದವು. ಟಪಾಲಿನವನು ಬಿದಿರು ಕಟ್ಟಿದ. ಸಾಲಿ ಮಾಸ್ತರರು ಊರುವ ಬೆತ್ತ ಕಟ್ಟಿದರು. ಕೈ ನೆಟ್ಟಗಾಗಿ ಬಂದ ಭೀಮಪ್ಪ ಕುಂಟೆಯನ್ನು ನೊಗಕ್ಕೆ ಜೋಡಿಸುವ ಈಸುಮರವನ್ನೇ ಕಟ್ಟಿಕೊಂಡು ಬಂದ. ಅವನಿಗೆ ಬಸ್ಸಷ್ಟೇ ಅಲ್ಲ, ಎದುರಿನ ಎತ್ತೂ ದಾರಿ ಬಿಟ್ಟಿತು. ರಸ್ತೆ ಬದಿಯ ಹೊಲದವರು ಮಾತ್ರ ಸರ್ವೇಯರನ ಕೋಲು ರಸ್ತೆಗುಂಟ ಹೋಗುವುದನ್ನು ಕಂಡು ಸರ್ಕಾರ ರಸ್ತೆ ಅಗಲ ಮಾಡುತ್ತಿದೆಯೆಂದು ಹೆದರಿ, "ನಮ್ಮ ಬದುವು ಹೋಗ್ತೈತೇನ್ರಿ?" ಎಂದು ಮನೆಗೆ ಬಂದು ಕೇಳಿದರು. ನಾನು ಗಂಭೀರವಾಗಿ, "ನೋಡೂಣು," ಎಂದೆ. ಹಾಗೆನ್ನುವ ಅಗತ್ಯವಿರಲಿಲ್ಲ. ಜೀವ ಉಳಿದ ಮೇಲೆ ಮನುಷ್ಯನಿಗೆ ದೊಡ್ಡಸ್ತಿಕೆ ಬರುತ್ತದೆ. ನನಗೂ ಬಂದಿತ್ತು. ಅಂಚಿನಲ್ಲಿ ಅಂಜಿ ಹೋಗುತ್ತಿದ್ದವನು ಈಗ ಡಾಂಬರಿನ ನಟ್ಟನಡುವೆ ಹೊಡೆಯುತ್ತಿದ್ದೆ.

ಹೀಗಿರುವಾಗ ಒಂದು ಸಂತೆಯ ದಿನ. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ನನ್ನ ಅಳತೆ ನೋಡುವವರಿದ್ದರು, ನನಗೆ ಅವಸರ. ಎದುರಿನಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಬದನೆಕಾಯಿ ಬುಟ್ಟಿ ಹೊತ್ತು ನನ್ನ ಬಲಗಡೆಯ ಅಂಚಿನಲ್ಲಿ ಬರುತ್ತಿದ್ದಳು. ಗಂಟೆ ಹೊಡೆದೆ. ಹಾದುಹೋದೆ ಎಂದುಕೊಂಡೆ. ಹಿಂದೆ ಏನೋ ಜಗ್ಗಿತು, "ಯವ್ವಾ!" ಎಂಬ ದನಿ ಕೇಳಿತು. ಸೈಕಲ್ ಅಡ್ಡ ತಿರುಗಿ ನಾನೂ ಕೆಳಗೆ ಬಿದ್ದೆ. ಎದ್ದು ನೋಡಿದರೆ ಕೋಲು ಆಕೆಯ ಸೊಂಟಕ್ಕೆ ಬಡಿದಿತ್ತು. ಆಕೆ ಮಣ್ಣಿನಲ್ಲಿ ಕೂತಿದ್ದಳು, ಬದನೆಕಾಯಿ ರಸ್ತೆಯ ತುಂಬ ಉರುಳಿದ್ದವು.

"ಕಣ್ಣ ಕಾಣಂಗಿಲ್ಲೇನೋ ನಿನಗ?"

"ಗಂಟಿ ಹೊಡದೆನಲ್ಲಬೇ. ಬಾಜೂ ಸರೀಬಾರದೇನು?"

"ಎಲ್ಲಿ ಸರೀಲಿ, ಜಾಲ್ಯಾಗ? ಗಂಟಿ ಹೊಡದ್ರ ರಸ್ತಾ ನಿಂದಾತೇನು?"

ಮೊಣಕಾಲೂರಿ ಬದನೆಕಾಯಿ ಆರಿಸತೊಡಗಿದೆ. ಆಕೆಗೆ ಎದ್ದು ನಿಲ್ಲಲು ಆಗಲಿಲ್ಲ. ಸೊಂಟ ಹಿಡಿದುಕೊಂಡು ಮತ್ತೆ ಕೂತಳು. ಅಷ್ಟರಲ್ಲಿ ಮುಳವಾಡದ ಕಡೆಯಿಂದ ಸಂಗಪ್ಪನ ಬಸ್ಸು ಬಂತು. ಊರಲ್ಲದ ಕಡೆ ಎಂದೂ ನಿಲ್ಲದ ಬಸ್ಸು ನಿಂತಿತು. ಕಿಟಕಿಗಳ ತುಂಬ ಸಂತೆಗೆ ಹೊರಟವರ ತಲೆಗಳು.

"ಏನಾತಬೇ?" ಸಂಗಪ್ಪ ಇಳಿದು ಬಂದ.

"ಈ ಸೈಕಲ್ಲಿನಾಂವಾ ಬಡದು ಕೆಡವಿದಾ!"

"ಈ ಸೈಕಲ್ಲಿನಾವ್ರದು ಭಾಳ ಆಗೇತಿ ಬಿಡ್ರಿ," ಎಂದು ಬಸ್ಸಿನೊಳಗಿನಿಂದ ಯಾರೋ ಹೇಳಿದರು. "ರಸ್ತಾದಾಗ ನಡಕೊಂಡ್ ಹೋಗೂಹಂಗಿಲ್ಲ." ಅನೇಕರು ಹೌದೆಂದರು. ಸಂಗಪ್ಪ ಮಾತ್ರ ಆಕೆಯ ತೋಳು ಹಿಡಿದು ಮೆಲ್ಲಗೆ ಹತ್ತಿಸಿದ, ಬುಟ್ಟಿಯನ್ನು ತನ್ನ ಸೀಟಿನ ಹಿಂದೆಯೇ ಇಟ್ಟ, "ಮೊದಲ ದವಾಖಾನಿಗೆ ಬಿಡ್ತೀನಿ," ಎಂದ. ಹೊರಡುವಾಗ ನನ್ನ ಬಗಲಿಗೆ ಒಂದು ಮಾರು ಜಾಗ ಬಿಟ್ಟೇ ಹೋದ. ಒಂದು ಗೇಣಿನಲ್ಲಿ ಹಾಯ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆಗೆ ಎಲುಬೇನೂ ಮುರಿದಿರಲಿಲ್ಲ, ಎಂಟು ದಿನದಲ್ಲಿ ಮತ್ತೆ ಸಂತೆಗೆ ಬಂದಳು ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ತಿಳಿದಿರಲಿಲ್ಲ. ಕೋಲನ್ನು ಬಿಚ್ಚಿ ಸೈಕಲ್ಲಿನ ಉದ್ದಕ್ಕೆ ಕಟ್ಟಿದೆ.

ಹೊಲ ಮುಟ್ಟಿದಾಗ ಒಂದು ತಾಸು ತಡವಾಗಿತ್ತು. ಸಾಹೇಬರು ಜೀಪಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಹರಿದ ಪ್ಯಾಂಟು, ಕೆತ್ತಿದ ಮೊಣಕೈ ನೋಡಿ ಎದ್ದೇಬಿಟ್ಟರು. "ಏನ್ರಿ ಇದು? ಏನಾತು?"

"ಏನ ಹೇಳ್ಲಿ ಸಾಹೇಬ್ರ," ಎಂದೆ. "ಈ ರಸ್ತಾದಾಗ ಸೈಕಲ್ಲಿನವರ ಬಾಳೇ ಹಿಂಗ."

ಸಾಹೇಬರು ಬಹಳ ನೊಂದುಕೊಂಡರು. ಮೋಟಾರಿನವರಿಗೆ ಮನುಷ್ಯತ್ವವೇ ಇಲ್ಲ ಎಂದು ತಮ್ಮ ಡ್ರೈವರನ ಎದುರಿಗೇ ಹೇಳಿ, ಜೀಪಿನಿಂದ ಥರ್ಮಾಸು ತರಿಸಿ ನನಗೊಂದು ಕಪ್ಪು ಚಹಾ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಎರಡನೆಯ ಕಪ್ಪು ಕೊಟ್ಟಾಗಲೂ.